ಚಾಕು ಯಾವ ದೇಶದ್ದು ಅಂತ ಕೇಳೋ ಮುಂಚೆ

ಕ್ಯಾಲನೂರಿನ ಅಡುಗೆಮನೆಯಲ್ಲಿ ಚಾಕುಗೆ ಎರಡು ಕೆಲಸ. ಒಂದು, ಹಣ್ಣಾದ ಕೋಲಾರದ ಟೊಮೆಟೊ. ಇನ್ನೊಂದು, ಉಪ್ಪಿನಕಾಯಿಗೆ ಓಟೆ ಸಮೇತ ಹೆಚ್ಚೋ ಶ್ರೀನಿವಾಸಪುರದ ಮಾವಿನಕಾಯಿ. ಎರಡಕ್ಕೂ ಒಂದೇ ಚಾಕು ಆಗೋದಿಲ್ಲ.

ಜಪಾನಿನ ಒಳ್ಳೇ ಚಾಕುವಿನ ಗಡಸುತನ ರಾಕ್‌ವೆಲ್ ಅಳತೆಯಲ್ಲಿ ಸಾಮಾನ್ಯವಾಗಿ 60ರ ಮೇಲೆ. ಅಲಗು ತೆಳು, ಹರಿತ ತುಂಬಾ ದಿನ ನಿಲ್ಲುತ್ತೆ. ಆದರೆ ಓಟೆ ಮೇಲೆ ಹೊಡೆದ್ರೆ ಅಂಚು ಚಕ್ಕೆ ಏಳುತ್ತೆ. ಜರ್ಮನಿಯದು 56ರಿಂದ 58. ಬೇಗ ಮೊಂಡಾಗುತ್ತೆ, ಮಸೆಯೋದು ಸುಲಭ.

ಹಾಗಾದ್ರೆ ದೇಶ ನೋಡ್ಬೇಕಾ? ಕೆಲವು ಕಡೆ ನೋಡ್ಬೇಕು. ಜರ್ಮನಿಯ ಜೋಲಿಂಗನ್ ಊರಿನ ಹೆಸರಿಗೆ 1938ರಿಂದ ಕಾನೂನಿನ ಕಾವಲಿದೆ. ಬೇರೆ ಕಡೆ ಮಾಡಿದ ಚಾಕು ಮೇಲೆ ಆ ಹೆಸರು ಒತ್ತೋ ಹಾಗಿಲ್ಲ. ಆದರೆ ಡಬ್ಬಿ ಮೇಲೆ ಬರೀ ‘ಜರ್ಮನ್ ಸ್ಟೀಲ್’ ಅಂತಿದ್ರೆ, ಚಾಕು ಎಲ್ಲಿ ತಯಾರಾಯ್ತು ಅನ್ನೋದು ಅದರಿಂದ ತಿಳಿಯೋದಿಲ್ಲ. ಒಳ್ಳೇ ಉಕ್ಕೂ ಕಾಯಿಸಿ ಹದ ಕೊಡೋದ್ರಲ್ಲಿ ಕೆಡಬಹುದು.

ಮಾವಿನಕಾಯಿಗೆ ನಮ್ಮ ಕಮ್ಮಾರರು ಲಾರಿಯ ಹಳೇ ಕಮಾನು ಪಟ್ಟಿ ಬಡಿದು ಮಾಡೋ ಮಚ್ಚೇ ಸರಿ. ಹುಳಿ ತಾಗಿದ ತಕ್ಷಣ ತೊಳೆದು, ಒರೆಸಿ, ಒಂದು ತೊಟ್ಟು ಎಣ್ಣೆ ಸವರಿ. ಇಲ್ಲಾಂದ್ರೆ ತುಕ್ಕು ಹಿಡಿಯುತ್ತೆ.

ಅಂಗಡಿಯಲ್ಲಿ ಚಾಕುವಿನ ಅಂಚನ್ನ ಬೆಳಕಿಗೆ ಹಿಡೀರಿ. ಎಲ್ಲಿ ಬಿಳಿ ಗೆರೆ ಮಿಂಚುತ್ತೋ ಅಲ್ಲಿ ಮೊಂಡು. ಹಿಡಿಯ ರಿವಿಟ್ ಮೇಲೆ ಬೆರಳಾಡಿಸಿ. ಸಂದು ಕೈಗೆ ಸಿಕ್ಕಿದ್ರೆ ಬೇಡ, ನೀರು ಕೂತು ಹಿಡಿ ಸಡಿಲವಾಗುತ್ತೆ.

ಮನೆಯಲ್ಲಿರೋ ಚಾಕುನ ಟೊಮೆಟೊ ಮೇಲೆ ಒತ್ತದೆ ಎಳೆದು ನೋಡಿ. ಸಿಪ್ಪೆ ಮೇಲೆ ಜಾರಿದ್ರೆ ಹೊಸ ಚಾಕು ಬೇಡ, 1000 ನಂಬರಿನ ಮಸೆಗಲ್ಲು ತನ್ನಿ.