ಹಳೆಯ ಕಂಪ್ಯೂಟರಿನ ಬಿಡಿಭಾಗಗಳು: ಇಡತಕ್ಕವು ಯಾವುವು, ಬಿಡತಕ್ಕವು ಯಾವುವು?

ಗೃಹಕೃತ್ಯದಲ್ಲಿ ವಸ್ತುಗಳನ್ನು ಸಂಪಾದಿಸುವುದು ಒಂದು ಜಾಣ್ಮೆಯಾದರೆ, ಇಡತಕ್ಕದ್ದನ್ನು ಇಟ್ಟು ಬಿಡತಕ್ಕದ್ದನ್ನು ಬಿಡುವುದು ಅದಕ್ಕಿಂತಲೂ ಹೆಚ್ಚಿನ ಜಾಣ್ಮೆಯಾಗಿರುತ್ತದೆ. ಹಿತ್ತಾಳೆಯ ಪಾತ್ರೆ ಹಳೆಯದಾದರೆ ತೂಕವನ್ನು ನೋಡಿ ಬೆಲೆ ಕಟ್ಟಬಹುದು. ಸೀರೆ ಹಳೆಯದಾದರೆ ಅದರ ಜರಿಯನ್ನು ನೋಡಿ ತಿಳಿಯಬಹುದು. ಆದರೆ ಅಟ್ಟದ ಮೇಲೆ ಧೂಳು ಹಿಡಿದು ಕುಳಿತಿರುವ ಹಳೆಯ ಕಂಪ್ಯೂಟರಿನ ವಿಷಯದಲ್ಲಿ ನಮ್ಮಲ್ಲಿ ಅನೇಕರಿಗೆ ಅಂಥ ಅಳತೆಗೋಲು ಯಾವುದೂ ಇಲ್ಲ. ಆದಕಾರಣ ಕೆಲವರು ಎಲ್ಲವನ್ನೂ ಹಾಗೆಯೇ ಇಟ್ಟುಕೊಳ್ಳುತ್ತಾರೆ. ಕೆಲವರು ಎಲ್ಲವನ್ನೂ ಒಟ್ಟಿಗೆ ಗುಜರಿಯವನ ತಕ್ಕಡಿಗೆ ಹಾಕುತ್ತಾರೆ. ಮೊದಲನೆಯವರ ಮನೆಯಲ್ಲಿ ಕಸವು ಬೆಳೆಯುತ್ತದೆ. ಎರಡನೆಯವರಾದರೋ, ಗತಿಸಿದ ಹಿರಿಯರ ಭಾವಚಿತ್ರಗಳನ್ನೂ ಮನೆಯ ಹಣಕಾಸಿನ ಗುಟ್ಟುಗಳನ್ನೂ ಕೆಲವು ರೂಪಾಯಿಗಳಿಗಾಗಿ ಅಪರಿಚಿತರ ಕೈಗೆ ಒಪ್ಪಿಸಿದವರಾಗುತ್ತಾರೆ. ಆದುದರಿಂದ ಈ ಭಾಗಗಳನ್ನು ಗುರುತಿಸುವ ಬಗೆಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ತಾಯಿತಂದೆಗಳಿಗೂ ಇಲ್ಲಿ ಸಂಕ್ಷೇಪವಾಗಿ ತಿಳಿಸಲು ಯತ್ನಿಸುವೆವು.

ಮೊಟ್ಟಮೊದಲು ಎಚ್ಚರಿಕೆಯ ಮಾತೊಂದುಂಟು. ಪೆಟ್ಟಿಗೆಯನ್ನು ಬಿಚ್ಚುವ ಮುಂಚೆ ವಿದ್ಯುತ್ತಿನ ತಂತಿಯನ್ನು ಗೋಡೆಯಿಂದ ಕಿತ್ತಿಡಬೇಕು. ತಂತಿ ಬಂದು ಸೇರುವ ಕಡೆಯಲ್ಲಿ ಬೀಸಣಿಗೆಯುಳ್ಳ ತಗಡಿನ ಡಬ್ಬಿಯೊಂದಿರುತ್ತದೆ. ಅದಕ್ಕೆ ಪವರ್ ಸಪ್ಲೈ ಎಂದು ಹೆಸರು. ಅದನ್ನೂ, ಗಾಜಿನ ದೊಡ್ಡ ಬುರುಡೆಯುಳ್ಳ ಹಳೆಯ ಮಾನಿಟರನ್ನೂ ಎಂದಿಗೂ ತೆರೆಯಕೂಡದು. ತಂತಿಯನ್ನು ಕಿತ್ತ ಮೇಲೂ ಅವುಗಳಲ್ಲಿ ಅಪಾಯಕರವಾದ ವಿದ್ಯುತ್ತು ಉಳಿದಿರಬಹುದು.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಕಂಪ್ಯೂಟರಿನಲ್ಲಿ ನೆನಪು ಎಂಬುದು ಎರಡು ವಿಧವಾಗಿದೆ. ಒಂದು ಸ್ಲೇಟಿನಂತೆ, ಮತ್ತೊಂದು ಪತ್ರಗಳನ್ನಿಡುವ ಟ್ರಂಕಿನಂತೆ. ಸ್ಲೇಟಿನಂಥದು ರ‍್ಯಾಮ್, ಯಂತ್ರವನ್ನು ಆರಿಸಿದೊಡನೆ ಅದರ ಮೇಲಣ ಬರಹವೆಲ್ಲ ಅಳಿಸಿಹೋಗುತ್ತದೆ. ಟ್ರಂಕಿನಂಥದು ಹಾರ್ಡ್ ಡಿಸ್ಕ್. ಯಂತ್ರವು ವರ್ಷಗಟ್ಟಲೆ ಆರಿದ್ದರೂ ಅದರೊಳಗಿನ ಬರಹವು ಸಾಮಾನ್ಯವಾಗಿ ಉಳಿದಿರುತ್ತದೆ. ಈ ಒಂದು ಭೇದವನ್ನು ತಿಳಿದವರಿಗೆ ಉಳಿದದ್ದು ಸುಲಭ. ಎಲ್ಲಾ ಭಾಗಗಳನ್ನೂ ಕಂಡಾಗ ಮೊದಲು ಕೇಳತಕ್ಕ ಪ್ರಶ್ನೆ “ಇದಕ್ಕೆ ಎಷ್ಟು ಹಣ ಬರುತ್ತದೆ?” ಎಂಬುದಲ್ಲ, “ಇದರಲ್ಲಿ ನಮ್ಮ ಬರಹವೇನಾದರೂ ಉಂಟೋ?” ಎಂಬುದೇ.

ಹಾರ್ಡ್ ಡಿಸ್ಕನ್ನು ಗುರುತಿಸುವುದು ಕಷ್ಟವಲ್ಲ. ಅದು ಸಣ್ಣ ಪುಸ್ತಕದಷ್ಟಿರುವ, ಕೈಗೆ ಭಾರವಾದ ಲೋಹದ ಡಬ್ಬಿ. ಮೇಜಿನ ಕಂಪ್ಯೂಟರಿನದು ಮೂರೂವರೆ ಅಂಗುಲದ್ದೆಂದೂ ಲ್ಯಾಪ್‌ಟಾಪಿನದು ಎರಡೂವರೆ ಅಂಗುಲದ್ದೆಂದೂ ಕರೆಯಲ್ಪಡುತ್ತವೆ. ಮೇಲಣ ಚೀಟಿಯಲ್ಲಿ ಅದರ ಗಾತ್ರವು ಗಿಗಾಬೈಟುಗಳ ಲೆಕ್ಕದಲ್ಲಿ ಬರೆದಿರುತ್ತದೆ. ಹಳೆಯ ಮಾದರಿಯವುಗಳ ಹಿಂಬದಿಯಲ್ಲಿ ಸೂಜಿಗಳ ಎರಡು ಸಾಲುಗಳಿದ್ದು, ಅಗಲವಾದ ಪಟ್ಟಿಯಂಥ ತಂತಿಯು ಅವುಗಳಿಗೆ ಸೇರಿರುತ್ತದೆ, ಇದು ಐ.ಡಿ.ಇ. ಎಂಬ ಜಾತಿ. ೨೦೦೩ರಿಂದೀಚೆಗೆ ಬಳಕೆಗೆ ಬಂದ ಸಾಟಾ ಎಂಬ ಜಾತಿಯಲ್ಲಿ ಸೂಜಿಗಳಿರುವುದಿಲ್ಲ. ಬೆರಳಿನಗಲದ ಕಿರಿದಾದ ತಂತಿಯು ಸೇರುತ್ತದೆ. ಯಾವ ಜಾತಿಯದಾದರೂ ಹೊಸ ಕಂಪ್ಯೂಟರಿಗೆ ಹೊರಗಿನಿಂದಲೇ ಜೋಡಿಸುವ ಸಣ್ಣ ಸಾಧನಗಳು ಅಂಗಡಿಗಳಲ್ಲಿ ದೊರೆಯುತ್ತವೆ. ಆದುದರಿಂದ ಕಂಪ್ಯೂಟರು ಕೆಟ್ಟುಹೋದ ಮಾತ್ರಕ್ಕೆ ಅದರೊಳಗಿನ ಚಿತ್ರಗಳೂ ಹೋದವೆಂದು ಯಾರೂ ನಿರಾಶರಾಗಬೇಕಾದುದಿಲ್ಲ. ಜೋಡಿಸಿದೊಡನೆ ಬೇಕಾದುದೆಲ್ಲವನ್ನೂ ಎರಡು ಬೇರೆ ಕಡೆಗಳಲ್ಲಿ ನಕಲು ಮಾಡಿಕೊಳ್ಳಬೇಕು. ಟಕ್ ಟಕ್ ಎಂಬ ಶಬ್ದ ಕೇಳಿಬಂದರೆ ಕೂಡಲೇ ನಿಲ್ಲಿಸಿ ಬಲ್ಲವರ ಬಳಿಗೆ ಒಯ್ಯತಕ್ಕದ್ದು. ಒಳಗೆ ಕನ್ನಡಿಯಂತೆ ಹೊಳೆಯುವ ಬಿಲ್ಲೆಗಳು ವೇಗವಾಗಿ ತಿರುಗುತ್ತವೆ. ಓದುವ ಮೊನೆಯು ಅವುಗಳ ಮೇಲೆ ಕೂದಲಿನ ದಪ್ಪಕ್ಕಿಂತಲೂ ಎಷ್ಟೋ ಕಡಿಮೆಯಾದ ಎತ್ತರದಲ್ಲಿ ತೇಲುತ್ತದೆ. ಆದಕಾರಣ ಕುತೂಹಲದಿಂದ ಡಬ್ಬಿಯನ್ನು ತೆರೆದರೆ, ಒಂದು ಧೂಳಿನ ಕಣವೇ ಎಲ್ಲವನ್ನೂ ಕೆಡಿಸಲು ಸಾಕು.

ಇತ್ತೀಚಿನ ಯಂತ್ರಗಳಲ್ಲಿ ಬಿಲ್ಲೆಗಳೇ ಇಲ್ಲದ ಎಸ್.ಎಸ್.ಡಿ. ಎಂಬ ಹಗುರವಾದ ಸಾಧನವಿರುತ್ತದೆ. ಇದರಲ್ಲಿ ಬರಹವು ವಿದ್ಯುದಂಶದ ರೂಪದಲ್ಲಿ ನಿಲ್ಲುವುದರಿಂದ, ಬಹುಕಾಲ ವಿದ್ಯುತ್ತು ಕೊಡದೆ ಇಟ್ಟರೆ ಬರಹವು ಮಾಸಿಹೋಗುವ ಸಂಭವವುಂಟು. ಇದನ್ನು ಕಂಡರೆ ತಡಮಾಡದೆ ನಕಲು ಮಾಡಿಕೊಳ್ಳುವುದು ಲೇಸು.

ಫ್ಲಾಪಿ ಎಂಬ ಚೌಕಾಕಾರದ ತಟ್ಟೆಗಳೂ ಕೆಲವರ ಪೆಟ್ಟಿಗೆಗಳಲ್ಲಿ ಉಳಿದಿರಬಹುದು. ೧೯೭೧ರಲ್ಲಿ ಐ.ಬಿ.ಎಂ. ಕಂಪನಿಯವರು ಹೊರತಂದದ್ದು ಎಂಟು ಅಂಗುಲದ್ದು. ೧೯೭೬ರಲ್ಲಿ ಐದೂಕಾಲು ಅಂಗುಲದ್ದು ಬಂತು. ನಮ್ಮ ಮನೆಗಳಲ್ಲಿ ಹೆಚ್ಚಾಗಿ ಕಾಣುವುದು ಗಟ್ಟಿಯಾದ ಪ್ಲಾಸ್ಟಿಕ್ ಹೊದಿಕೆಯ ಮೂರೂವರೆ ಅಂಗುಲದ್ದು. ಇದರ ಎರಡು ಮೂಲೆಗಳಲ್ಲಿಯೂ ಚೌಕದ ರಂಧ್ರಗಳಿದ್ದರೆ ಅದರ ಗಾತ್ರವು ೧.೪೪ ಮೆಗಾಬೈಟು; ಇಂದು ಮೊಬೈಲಿನಲ್ಲಿ ತೆಗೆದ ಒಂದು ಚಿತ್ರವೂ ಬಹುಮಟ್ಟಿಗೆ ಅದರಲ್ಲಿ ಹಿಡಿಸಲಾರದು. ಆದರೂ ಒಂದು ಪುಸ್ತಕದಷ್ಟು ಬರಹವು ಅದರಲ್ಲಿ ಅಡಗಿರಬಹುದಾದುದರಿಂದ, ನೋಡದೆ ಎಸೆಯುವುದು ತರವಲ್ಲ. ಮಳೆ ಹೆಚ್ಚಾಗಿ ಬೀಳುವ ನಾಡಿನಲ್ಲಿ ಇವುಗಳ ಮೇಲೆ ಬೂಷ್ಟು ಹಿಡಿಯುವುದುಂಟು. ಅಂಥದನ್ನು ಓದುವ ಯಂತ್ರಕ್ಕೆ ಹಾಕಿದರೆ ತಟ್ಟೆಯೂ ಯಂತ್ರವೂ ಕೆಡುತ್ತವೆ. ಮನೆಯಲ್ಲೇ ಬರೆದುಕೊಂಡ ಸಿ.ಡಿ.ಗಳಾದರೋ ಬಿಸಿಲಿಗೆ ಬಣ್ಣಗೆಟ್ಟು ಓದಲಾಗದಂತಾಗುತ್ತವೆ.

ಇಲ್ಲಿ ಕನ್ನಡಿಗರಾದ ನಾವು ವಿಶೇಷವಾಗಿ ಗಮನಿಸತಕ್ಕ ಸಂಗತಿಯೊಂದಿದೆ. ಬರಹ, ನುಡಿ, ಶ್ರೀಲಿಪಿ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರಗಳಲ್ಲಿ ಬೆರಳಚ್ಚು ಮಾಡಿಟ್ಟ ಪತ್ರಗಳನ್ನು ಹೊಸ ಕಂಪ್ಯೂಟರಿನಲ್ಲಿ ತೆರೆದರೆ, ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳೂ ಚಿಹ್ನೆಗಳೂ ಕಾಣಿಸುತ್ತವೆ. ಅಷ್ಟರಿಂದಲೇ ಬರಹವು ಕೆಟ್ಟುಹೋಯಿತೆಂದು ಅಳಿಸಿಬಿಡಬಾರದು. ಯೂನಿಕೋಡ್ ಎಂಬ ಈಗಿನ ಪದ್ಧತಿಯು ಮನೆಮನೆಗೆ ಬರುವುದಕ್ಕೆ ಮುಂಚೆ ಒಂದೊಂದು ತಂತ್ರಾಂಶವೂ ತನ್ನದೇ ಆದ ಸಂಕೇತವನ್ನು ಬಳಸುತ್ತಿದ್ದುದೇ ಇದಕ್ಕೆ ಕಾರಣ. ಆ ಅಕ್ಷರಗಳ ಕಡತವೂ ಅದೇ ಡಿಸ್ಕಿನಲ್ಲಿಯೇ ಇರಬಹುದು. ಅದನ್ನೂ ಜೊತೆಗೆ ನಕಲು ಮಾಡಿಟ್ಟರೆ ಪತ್ರವನ್ನು ಮತ್ತೆ ಓದಬಹುದು. ಹೊಸ ಪದ್ಧತಿಗೆ ಮಾರ್ಪಡಿಸುವ ಉಪಕರಣಗಳೂ ಉಂಟು.

ಬರಹವಿಲ್ಲದ ಭಾಗಗಳ ವಿಷಯದಲ್ಲಿ ಕೇಳತಕ್ಕ ಎರಡನೆಯ ಪ್ರಶ್ನೆ, “ಇದು ಇನ್ನೊಂದು ಯಂತ್ರಕ್ಕೆ ಉಪಯೋಗವಾದೀತೇ?” ಎಂಬುದು. ರ‍್ಯಾಮ್ ಎಂಬುದು ಹಸುರು ಬಣ್ಣದ ಉದ್ದ ಪಟ್ಟಿ; ಅದರ ಒಂದು ಅಂಚಿನಲ್ಲಿ ಚಿನ್ನದ ಬಣ್ಣದ ಹಲ್ಲುಗಳಿರುತ್ತವೆ. ಮೇಜಿನ ಕಂಪ್ಯೂಟರಿನದು ಸುಮಾರು ಹದಿಮೂರು ಸೆಂಟಿಮೀಟರ್ ಉದ್ದ, ಲ್ಯಾಪ್‌ಟಾಪಿನದು ಅದರ ಅರ್ಧ. ಹಲ್ಲುಗಳ ನಡುವಣ ಕಚ್ಚು ಒಂದೊಂದು ತಲೆಮಾರಿಗೆ ಒಂದೊಂದು ಸ್ಥಳದಲ್ಲಿರುವುದರಿಂದ ಒಂದರ ಜಾಗದಲ್ಲಿ ಮತ್ತೊಂದು ಕೂರದು, ಬಲಾತ್ಕಾರ ಮಾಡಕೂಡದು. ಚೀಟಿಯಲ್ಲಿ ಪಿ.ಸಿ. ೩ ಎಂದಿದ್ದರೆ ಅದು ೨೦೦೭ರಲ್ಲಿ ಬಂದ ಡಿ.ಡಿ.ಆರ್. ೩, ಪಿ.ಸಿ. ೪ ಎಂದಿದ್ದರೆ ೨೦೧೪ರಲ್ಲಿ ಬಂದ ಡಿ.ಡಿ.ಆರ್. ೪. ಇವೆರಡನ್ನೂ ಇಟ್ಟುಕೊಳ್ಳಬಹುದು, ನಿಧಾನವಾದ ಲ್ಯಾಪ್‌ಟಾಪಿಗೆ ಇನ್ನೊಂದು ಪಟ್ಟಿಯನ್ನು ಸೇರಿಸಿದರೆ ಬಡ ವಿದ್ಯಾರ್ಥಿನಿಯೊಬ್ಬಳಿಗೆ ಕೆಲವು ವರ್ಷ ನಡೆದೀತು. ಅದಕ್ಕೂ ಹಿಂದಿನವುಗಳಿಂದ ಸಾಮಾನ್ಯವಾಗಿ ಪ್ರಯೋಜನವಿಲ್ಲ.

ಎಲ್ಲಾ ಭಾಗಗಳನ್ನೂ ಹೊತ್ತಿರುವ ದೊಡ್ಡ ಹಲಗೆಯೇ ಮದರ್‌ಬೋರ್ಡ್. ಅದರ ಮೇಲೆ ನಿಂತಿರುವ ಸಣ್ಣ ಕೊಳವೆಗಳ ನೆತ್ತಿಯು ಉಬ್ಬಿದ್ದರೆ ಅಥವಾ ಒಸರಿದ್ದರೆ ಆ ಹಲಗೆಯು ಜೀರ್ಣವಾಯಿತೆಂದು ತಿಳಿಯತಕ್ಕದ್ದು. ಹಲಗೆಯ ವಯಸ್ಸನ್ನು ಅರಿಯಲು ಕಪ್ಪು ಚಿಪ್ಪುಗಳ ಮೇಲಣ ನಾಲ್ಕಂಕಿಯ ಗುರುತನ್ನು ಹುಡುಕಬೇಕು. ೯೬೩೪ ಎಂದಿದ್ದರೆ, ೧೯೯೬ನೆಯ ಇಸವಿಯ ಮೂವತ್ತನಾಲ್ಕನೆಯ ವಾರ, ಎಂದರೆ ಆಗಸ್ಟ್ ತಿಂಗಳಲ್ಲಿ ತಯಾರಾದುದೆಂದು ಅರ್ಥ. ಕೊನೆಯ ಎರಡಂಕಿಗಳು ೫೩ನ್ನು ಮೀರಿದರೆ ಅದು ತಾರೀಖಲ್ಲ, ಬೇರೆ ಗುರುತು.

ಮೂರನೆಯ ಪ್ರಶ್ನೆ, “ಇದು ಅಪೂರ್ವ ವಸ್ತುವೋ?” ಎಂಬುದು. ೧೯೭೬ರಲ್ಲಿ ಅಮೇರಿಕದಲ್ಲಿ ಸುಮಾರು ಇನ್ನೂರರಷ್ಟೇ ತಯಾರಾದ ಆಪಲ್ ೧ ಎಂಬ ಕಂಪ್ಯೂಟರನ್ನು ೨೦೧೪ರಲ್ಲಿ ಹೆನ್ರಿ ಫೋರ್ಡ್ ವಸ್ತುಸಂಗ್ರಹಾಲಯದವರು ಹರಾಜಿನಲ್ಲಿ ೯,೦೫,೦೦೦ ಡಾಲರುಗಳಿಗೆ ಕೊಂಡರು. ಈ ಸುದ್ದಿಯನ್ನು ಕೇಳಿ ಮನೆಯ ಹಳೆಯ ಪೆಟ್ಟಿಗೆಗೂ ಅಂಥದೇ ಭಾಗ್ಯವುಂಟೆಂದು ಎಣಿಸಬಾರದು. ಲಕ್ಷಗಟ್ಟಲೆ ತಯಾರಾದ ವಸ್ತುವು ಹಳೆಯದಾದ ಮಾತ್ರಕ್ಕೆ ಅಪೂರ್ವವಾಗದು. ಹಾಗೆಯೇ ಚಿನ್ನದ ಆಸೆಯೂ ಬೇಡ. ರ‍್ಯಾಮಿನ ಹಲ್ಲುಗಳ ಮೇಲಿರುವುದು ನಿಜವಾದ ಚಿನ್ನವೇ. ಆದರೆ ಆ ಲೇಪವು ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ತೆಳು. ಅದಕ್ಕಾಗಿ ಮನೆಯಲ್ಲಿ ಆಮ್ಲವನ್ನು ಕಾಯಿಸುವವರು ವಿಷದ ಹೊಗೆಯನ್ನು ಕುಡಿಯುವರೇ ಹೊರತು ಐಶ್ವರ್ಯವಂತರಾಗುವುದಿಲ್ಲ.

ಇಷ್ಟಾದ ಮೇಲೆ ಉಳಿದದ್ದನ್ನು ಬಿಡುವ ಕ್ರಮವೂ ಒಂದುಂಟು. ಡಿಸ್ಕನ್ನು ಕೊಡುವ ಮುಂಚೆ ಅದರ ಬರಹವನ್ನು ಪೂರ್ತಿಯಾಗಿ ಅಳಿಸಬೇಕು. ಕಡತವನ್ನು ಡಿಲೀಟ್ ಮಾಡುವುದೆಂದರೆ ಪುಸ್ತಕದ ವಿಷಯಸೂಚಿಯಿಂದ ಹೆಸರನ್ನು ಹೊಡೆದುಹಾಕಿದಂತೆ. ಪುಟವು ಒಳಗೇ ಇರುತ್ತದೆ. ಬಲ್ಲವರಿಂದ ಇಡೀ ಡಿಸ್ಕಿನ ಮೇಲೆ ಹೊಸದಾಗಿ ಬರೆಯಿಸಬೇಕು; ಇಲ್ಲವೆ ಬಿಲ್ಲೆಗಳಿಗೆ ತೂತು ಕೊರೆಯಿಸಿ ನಿರುಪಯುಕ್ತ ಮಾಡಿಸಬೇಕು. ಎಸ್.ಎಸ್.ಡಿ.ಯನ್ನು ಅಳಿಸಲು ಅದಕ್ಕೆಂದೇ ಇರುವ ಬೇರೆ ವಿಧಾನವನ್ನು ಬಳಸಿಸಬೇಕು. ಮದರ್‌ಬೋರ್ಡಿನ ಮೇಲಣ ನಾಣ್ಯದಂಥ ಬ್ಯಾಟರಿಯನ್ನು ತೆಗೆದು ಮಕ್ಕಳ ಕೈಗೆ ಸಿಕ್ಕದಂತೆ ಇಡತಕ್ಕದ್ದು. ಅದನ್ನು ನುಂಗಿದರೆ ಪ್ರಾಣಕ್ಕೆ ಅಪಾಯ. ಹಳೆಯ ಮಾನಿಟರಿನ ಗಾಜಿನಲ್ಲಿ ಸೀಸವು ಬೆರೆತಿರುತ್ತದೆ. ಇಂಥವುಗಳನ್ನು ಬೀದಿಯ ಕಸಕ್ಕೆ ಹಾಕಿದರೆ, ತಾಮ್ರಕ್ಕಾಗಿ ತಂತಿಗಳನ್ನು ಸುಡುವ ಬಡವರ ಎದೆಗೂ ಊರಿನ ನೀರಿಗೂ ವಿಷವು ಸೇರುತ್ತದೆ. ಇದನ್ನು ತಡೆಯಲೆಂದೇ ಭಾರತ ಸರಕಾರವು ೨೦೨೨ರಲ್ಲಿ ಇ-ತ್ಯಾಜ್ಯ ನಿರ್ವಹಣೆಯ ಹೊಸ ನಿಯಮಗಳನ್ನು ಮಾಡಿ ೨೦೨೩ನೆಯ ಏಪ್ರಿಲ್ ೧ರಿಂದ ಜಾರಿಗೆ ತಂದಿತು. ನೋಂದಾಯಿತ ಸಂಸ್ಥೆಗಳಿಗೆ ಒಪ್ಪಿಸುವುದೇ ಯೋಗ್ಯವಾದ ಮಾರ್ಗ.

ಕೊನೆಯದಾಗಿ ಒಂದು ಮಾತು. ಯಂತ್ರಕ್ಕೆ ಆಯುಸ್ಸು ಕೊಂಚ. ಅದರೊಳಗಿನ ಬರಹಕ್ಕೆ ನಾವು ಬಯಸಿದಷ್ಟು ಆಯುಸ್ಸನ್ನು ಕೊಡಬಹುದು. ದೂರದೇಶಕ್ಕೆ ಹೋದ ಮಗಳು ಬರೆದ ಪತ್ರ, ಅಜ್ಜಿಯ ಧ್ವನಿ, ಶಾಲೆಯ ವಾರ್ಷಿಕೋತ್ಸವದ ದಿನ ತೆಗೆದ ಚಿತ್ರ, ಇವುಗಳಿಗೆ ಲೋಕದಲ್ಲಿ ಬೇರೆ ಪ್ರತಿಯೇ ಇಲ್ಲದಿರಬಹುದು. ತಗಡನ್ನೂ ತಂತಿಯನ್ನೂ ನಿಶ್ಚಿಂತೆಯಿಂದ ಬಿಟ್ಟುಕೊಡಿರಿ. ಆದರೆ ಹಾಗೆ ಬಿಡುವ ಮುಂಚೆ ಟ್ರಂಕನ್ನು ಒಮ್ಮೆ ತೆರೆದು ನೋಡಿರಿ ಎಂಬುದೇ ನಮ್ಮ ವಿಜ್ಞಾಪನೆ.