ಮರೆತವರನ್ನು ನಾವು ಮರೆಯದಿರೋಣ
(ಮಾತೆ ಮರಿಯಮ್ಮನವರ ಜನನೋತ್ಸವ: ಸೆಪ್ಟೆಂಬರ್ 8)



ಮಾತೆ ಮರಿಯಮ್ಮನವರ ಜನನೋತ್ಸವದ ಬಲಿಪೂಜೆಯಲ್ಲಿ ಓದುವ ಶುಭಸಂದೇಶ ಹೆಸರುಗಳದೇ ಒಂದು ಪಟ್ಟಿ. ಅಬ್ರಹಾಮನಿಂದ ಯೇಸುಸ್ವಾಮಿಯವರೆಗಿನ ತಲೆಮಾರುಗಳನ್ನು ಸಂತ ಮತ್ತಾಯ ಎಣಿಸುತ್ತಾನೆ. ಕೇಳಲು ಬೇಸರವೆನಿಸಬಹುದು. ಆದರೆ ಅಷ್ಟೊಂದು ಹೆಸರುಗಳು ಉಳಿದುಬಂದದ್ದು ಒಬ್ಬರ ನೆನಪಿನಿಂದಲ್ಲ. ಒಂದು ತಲೆಮಾರು ಮಣ್ಣಾದಾಗ ಮುಂದಿನದು ಆ ನೆನಪನ್ನು ಹೊತ್ತುಕೊಂಡಿತು. ನೆನಪು ಒಬ್ಬರ ಆಸ್ತಿಯಲ್ಲ, ಇಡೀ ಕುಟುಂಬದ ಹೊಣೆ.

ಇದೇ ತಿಂಗಳ 21 ವಿಶ್ವ ಆಲ್ಝೈಮರ್ ದಿನ. ಮನೆಯ ಹಿರಿಯರು ಹೇಳಿದ್ದನ್ನೇ ಹೇಳಿದರೆ "ಅರವತ್ತಕ್ಕೆ ಅರಳುಮರಳು" ಎಂದು ನಕ್ಕು ಸುಮ್ಮನಾಗುತ್ತೇವೆ. ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುವುದು ವಯಸ್ಸಿನ ಮರೆವು. ನಲವತ್ತು ವರ್ಷ ಮಾಡಿದ ಸಾರು ಮಾಡುವ ಬಗೆಯೇ ತಿಳಿಯದಿರುವುದು, ಮಗಳನ್ನು ಅಕ್ಕನೆಂದು ತಿಳಿಯುವುದು, ಸ್ವಂತ ಬೀದಿಯಲ್ಲೇ ದಾರಿ ತಪ್ಪುವುದು ಕಾಯಿಲೆಯ ಲಕ್ಷಣ. ಅದಕ್ಕೆ ಡಿಮೆನ್ಷಿಯಾ ಎನ್ನುತ್ತಾರೆ. ಆಲ್ಝೈಮರ್ ಅದರ ಮುಖ್ಯ ಬಗೆ. 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಭಾರತದಲ್ಲಿ 60 ದಾಟಿದವರ ಪೈಕಿ ಶೇಕಡ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಇದು ಇದೆ.

ಮೊದಲು ಮಾಡಬೇಕಾದದ್ದು ವೈದ್ಯರ ಭೇಟಿ. ಬಿ12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆಗಳಿಂದಲೂ ಮರೆವು ಬರುತ್ತದೆ, ಇವುಗಳಿಗೆ ಚಿಕಿತ್ಸೆಯಿದೆ. ನಿಮ್ಹಾನ್ಸ್‌ನಲ್ಲಿ ವೃದ್ಧರಿಗೆಂದೇ ಚಿಕಿತ್ಸಾ ವಿಭಾಗವಿದೆ. ಕರ್ನಾಟಕ ಸರ್ಕಾರವೂ ನಿಮ್ಹಾನ್ಸ್ ಜೊತೆ 2022ರಲ್ಲಿ ಮೆದುಳಿನ ಆರೋಗ್ಯದ ಯೋಜನೆಯನ್ನು ಆರಂಭಿಸಿತು.

ತಡೆಯುವ ದಾರಿಯೂ ಉಂಟು. ನಮ್ಮ ಮಹಾಲಕ್ಷ್ಮಿ ಲೇಔಟ್‌ಗೆ ಹತ್ತಿರದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಮೆದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗರನ್ನು ವರ್ಷಗಟ್ಟಲೆ ಪರೀಕ್ಷಿಸುತ್ತಾ ಬಂದಿದೆ. ಅಲ್ಲಿ ಆರಿಸಿಕೊಂಡಿರುವುದು 45 ದಾಟಿದವರನ್ನು. ಏಕೆಂದರೆ ಮರೆವು ಕಾಣಿಸಿಕೊಳ್ಳುವ ಹತ್ತಿಪ್ಪತ್ತು ವರ್ಷ ಮೊದಲೇ ಮೆದುಳಿನಲ್ಲಿ ಬದಲಾವಣೆ ಶುರುವಾಗಿರುತ್ತದೆ. ಹಾಗಾಗಿ ಇದು ಅಜ್ಜ ಅಜ್ಜಿಯರ ವಿಷಯ ಮಾತ್ರವಲ್ಲ, ನಡುವಯಸ್ಸಿನ ನಮ್ಮದೂ ಹೌದು. ಬಿ.ಪಿ., ಸಕ್ಕರೆ, ಕೊಲೆಸ್ಟರಾಲ್ ಹತೋಟಿಯಲ್ಲಿರಲಿ. ಬೀಡಿ ಸಿಗರೇಟು, ಕುಡಿತ ಬಿಡೋಣ. ದಿನವೂ ನಡೆಯೋಣ. ಕಿವಿ ಮಂದವಾದರೆ ನಾಚದೆ ಶ್ರವಣ ಸಾಧನ ಹಾಕಿಸಿಕೊಳ್ಳೋಣ. ಹಿರಿಯರನ್ನು ಒಂಟಿಯಾಗಿ ಟಿ.ವಿ. ಮುಂದೆ ಕೂರಿಸದಿರೋಣ. ಇಂಥ 14 ಕಾರಣಗಳನ್ನು ನಿವಾರಿಸಿದರೆ ಲೋಕದ ಡಿಮೆನ್ಷಿಯಾದಲ್ಲಿ ಶೇಕಡ 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದು 2024ರಲ್ಲಿ ಲ್ಯಾನ್ಸೆಟ್ ಆಯೋಗ ತಿಳಿಸಿತು.

ಕಾಯಿಲೆ ಬಂದ ಮನೆಯಲ್ಲಿ? ತಂದೆಯ ಬುದ್ಧಿ ಮಂಕಾದರೂ ತಾಳ್ಮೆಯಿಂದಿರು, ಹೀನಾಯವಾಗಿ ಕಾಣಬೇಡ ಎಂದು ಸಿರಾಖನು ಮೂರನೇ ಅಧ್ಯಾಯದಲ್ಲಿ ಮಕ್ಕಳಿಗೆ ಬೋಧಿಸುತ್ತಾನೆ. ನೋಡಲು ಹೋದಾಗ "ನಾನ್ಯಾರು ಹೇಳಿ ನೋಡೋಣ" ಎಂದು ಪರೀಕ್ಷೆ ಮಾಡಬೇಡಿ. "ದೊಡ್ಡಮ್ಮ, ನಾನು ನಿಮ್ಮ ತಂಗಿ ಮಗ" ಎಂದು ನೀವೇ ಹೇಳಿ. ಹತ್ತು ಸಲ ಕೇಳಿದರೆ ಹತ್ತು ಸಲವೂ ಉತ್ತರಿಸಿ. ಒಂದರಂತೆ ಇನ್ನೊಂದಿರುವ ಕ್ರಾಸ್‌ಗಳ ಬಡಾವಣೆ ನಮ್ಮದು. ಅವರ ಜೇಬಿನಲ್ಲಿ ಮನೆಯವರ ಫೋನ್ ನಂಬರ್ ಬರೆದ ಚೀಟಿ ಇರಲಿ. ಮಕ್ಕಳ ಹೆಸರು ಮರೆತವರೂ ಎಷ್ಟೋ ಸಲ ಬಾಲ್ಯದಲ್ಲಿ ಕಲಿತ ನಮೋ ಮರಿಯಾ ಪ್ರಾರ್ಥನೆಗೆ ದನಿಗೂಡಿಸುತ್ತಾರೆ. ಅವರೊಡನೆ ಜಪಸರ ಮಾಡಿ.

ಹಗಲಿರುಳು ನೋಡಿಕೊಳ್ಳುವ ಸೊಸೆಯೋ ಹೆಂಡತಿಯೋ ಭಾನುವಾರದ ಪೂಜೆಗೂ ಬರಲಾಗದೆ ಬಳಲಿರುತ್ತಾರೆ. ಅವರಿಗೆ ಬೇಕಾದದ್ದು ಉಪದೇಶವಲ್ಲ, ಎರಡು ಗಂಟೆಯ ಬಿಡುವು. ಪ್ರತಿ ಕಿರು ಕ್ರೈಸ್ತ ಸಮುದಾಯದಲ್ಲೂ ಸರದಿಯ ಮೇಲೆ ಒಬ್ಬರು ಹೋಗಿ ಕೂರಲಿ. ಅಂಥ ಮನೆಯಿದ್ದರೆ ಗುರುಗಳಿಗೆ ತಿಳಿಸಿ. ಪರಮಪ್ರಸಾದ ಅಲ್ಲಿಗೇ ಬರುತ್ತದೆ. ಮನಸ್ಸು ಕುಸಿದರೆ ಟೆಲಿ ಮಾನಸ್ 14416ಕ್ಕೆ ಉಚಿತವಾಗಿ ಕರೆಮಾಡಿ.

ಹೆತ್ತ ತಾಯಿ ಮರೆತರೂ ತಾನು ಮರೆಯಲಾರೆ ಎಂದು ದೇವರು ಪ್ರವಾದಿ ಯೆಶಾಯನ ಮೂಲಕ ಮಾತು ಕೊಟ್ಟಿದ್ದಾರೆ. ಆ ಮಾತು ಇಂದು ನಮ್ಮ ಕೈಗಳಿಂದ ನಡೆಯಬೇಕಾಗಿದೆ. ಆರೋಗ್ಯಮಾತೆ ನಮ್ಮ ಹಿರಿಯರಿಗಾಗಿಯೂ ಅವರನ್ನು ಸಲಹುವವರಿಗಾಗಿಯೂ ಪ್ರಾರ್ಥಿಸಲಿ.