ಬ್ರೇಕಿನ ಕೊಳವೆ

ಮೋಟಾರುಗಾಡಿಯ ಹೊರಮೈಯ ಅಂದವನ್ನು ಎಲ್ಲರೂ ನೋಡುತ್ತಾರೆ. ಅದರ ಅಡಿಯಲ್ಲಿ ಹಾದುಹೋಗುವ ಸಣ್ಣ ಕೊಳವೆಗಳನ್ನು ನೋಡುವವರು ವಿರಳ. ಓಡುವ ಗಾಡಿಯನ್ನು ನಿಲ್ಲಿಸುವ ಹೊಣೆಯಾದರೋ ಆ ಕೊಳವೆಗಳದು. ಇದನ್ನು ನಾವು ಕಳೆದ ಮಳೆಗಾಲದಲ್ಲಿ ಮುಂಬಯಿಯ ಒಂದು ಗ್ಯಾರೇಜಿನಲ್ಲಿ ಕಣ್ಣಾರೆ ಕಂಡೆವು.

ಅಂದು ಅಲ್ಲಿಗೆ ಹಳೆಯ ಕಾರೊಂದು ಬಂದಿತ್ತು. ಕೆಂಪು ದೀಪವನ್ನು ಕಂಡು ಚಾಲಕರು ಒತ್ತಿದಾಗ ಬ್ರೇಕಿನ ಪೆಡಲು ತಳಕ್ಕೆ ಕುಸಿದುಹೋಯಿತಂತೆ. ಎದುರಿನಲ್ಲಿ ಜನರು ರಸ್ತೆ ದಾಟುತ್ತಿದ್ದರು. ಗಾಡಿಯ ವೇಗ ಕಡಮೆಯಿದ್ದುದರಿಂದಲೂ, ತಂತಿಯಿಂದ ನಡೆಯುವ ಕೈಬ್ರೇಕು ಸರಿಯಾಗಿದ್ದುದರಿಂದಲೂ ಅನಾಹುತ ತಪ್ಪಿತು.

ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಮೇಲೆ ಹಾಕಿದ ಒತ್ತಡವು ಎಲ್ಲ ದಿಕ್ಕುಗಳಿಗೂ ಸಮನಾಗಿ ಹರಡುತ್ತದೆಂಬ ಪಾಸ್ಕಲನ ನಿಯಮವನ್ನು ನಾವು ತರಗತಿಯಲ್ಲಿ ಓದಿದ್ದೇವೆ. ಫ್ರಾನ್ಸ್ ದೇಶದ ಬ್ಲೇಸ್ ಪಾಸ್ಕಲ್ (1623–1662) ಕಂಡುಕೊಂಡ ಈ ತತ್ತ್ವವೇ ಬ್ರೇಕಿನ ಜೀವಾಳ. ಪೆಡಲನ್ನು ತುಳಿದಾಗ ಪಿಸ್ಟನ್ನು ದ್ರವವನ್ನು ನೂಕುತ್ತದೆ. ಆ ಒತ್ತಡ ಕೊಳವೆಗಳ ಮೂಲಕ ಚಕ್ರಗಳನ್ನು ಮುಟ್ಟುತ್ತದೆ. ಅನೇಕ ಕಾರುಗಳಲ್ಲಿ ಈ ಉಕ್ಕಿನ ಕೊಳವೆಯ ಹೊರವ್ಯಾಸ ಸುಮಾರು 4.75 ಮಿಲಿಮೀಟರು ಮಾತ್ರ!

ಕಡಲ ತೀರದ ಉಪ್ಪುಗಾಳಿಯೂ ಮಳೆಗಾಲದ ಕೆಸರೂ ಉಕ್ಕಿಗೆ ಶತ್ರುಗಳು. ಬ್ರೇಕಿನ ದ್ರವವೂ ಗಾಳಿಯ ತೇವವನ್ನು ಹೀರುವುದರಿಂದ ಒಳಗಿನಿಂದಲೂ ತುಕ್ಕು ಹಿಡಿಯಬಹುದು. ಮೇಸ್ತ್ರಿಗಳು ಕೆಸರನ್ನು ಒರೆಸಿ, ಕೊಳವೆಯಲ್ಲಿ ಒದ್ದೆಯಾಗಿದ್ದ ತುಕ್ಕಿನ ಕಲೆಯೊಂದನ್ನು ತೋರಿಸಿದರು. ಅದನ್ನು ಬೆಸೆಯಬಾರದೇ ಎಂದು ಕೇಳಿದೆವು. “ತೇಪೆ ಅಂಗಿಗೆ ಸರಿ ಮಕ್ಕಳೇ, ಬ್ರೇಕಿಗಲ್ಲ” ಎಂದರು.

ಮೊದಲು ಗಾಡಿಯನ್ನು ಎತ್ತಿ ಭದ್ರವಾದ ಊರೆಗಳ ಮೇಲೆ ನಿಲ್ಲಿಸಿದರು. ಹಳೆಯ ಕೊಳವೆಯನ್ನು ಬಿಚ್ಚಿ, ಧೂಳು ಸೇರದಂತೆ ತೆರೆದ ಬಾಯಿಗಳನ್ನು ಮುಚ್ಚಿದರು. ಹೊಸದಾಗಿ ತಾಮ್ರ–ನಿಕಲ್ ಮಿಶ್ರಲೋಹದ ಕೊಳವೆಯನ್ನು ಹಳೆಯದರ ಅಳತೆಗೆ ಕತ್ತರಿಸಿ, ಎಲ್ಲಿಯೂ ನುಲಿಯದಂತೆ ಬಾಗಿಸಿದರು. ನಟ್ಟುಗಳನ್ನು ಮೊದಲೇ ಪೋಣಿಸಿ, ಆಮೇಲೆ ತುದಿಗಳನ್ನು ಆಲಿಕೆಯ ಬಾಯಿಯಂತೆ ಎರಡು ಮಡಿಕೆಯಾಗಿ ಅಗಲಿಸಿದರು. ತುದಿ ಅಗಲವಾದ ಮೇಲೆ ನಟ್ಟು ತೂರುವುದಿಲ್ಲವಷ್ಟೆ! ಕೊಳವೆ ಅಲುಗದಂತೆಯೂ ಚಕ್ರಕ್ಕೆ ತಾಗದಂತೆಯೂ ಹಳೆಯ ಹಿಡಿಕೆಗಳಲ್ಲಿ ಕೂರಿಸಿದರು.

ಇನ್ನು ಒಳಗೆ ಸೇರಿದ್ದ ಗಾಳಿಯನ್ನು ಹೊರಡಿಸಬೇಕು. ದ್ರವ ಕುಗ್ಗುವುದಿಲ್ಲವೆನ್ನಬಹುದು, ಗಾಳಿ ಕುಗ್ಗುತ್ತದೆ. ಗಾಳಿಯಿದ್ದರೆ ಪೆಡಲಿನ ಚಲನೆಯ ಬಹುಭಾಗ ಅದನ್ನು ಕುಗ್ಗಿಸುವುದರಲ್ಲೇ ವ್ಯಯವಾಗುತ್ತದೆ. ಸಹಾಯಕನು ಪೆಡಲನ್ನು ಒತ್ತಿ ಹಿಡಿದನು. ಮೇಸ್ತ್ರಿಗಳು ಚಕ್ರದ ಬಳಿಯ ತಿರುಪನ್ನು ಸಡಿಲಿಸಿದರು. ಗುಳ್ಳೆಗಳೊಡನೆ ದ್ರವ ಹೊರಬಂದಿತು. ಅವನು ಕಾಲೆತ್ತುವ ಮೊದಲೇ ತಿರುಪನ್ನು ಬಿಗಿದರು. ತಪ್ಪಿದರೆ ಗಾಳಿ ಮರಳಿ ಒಳಸೇರುವುದು. ಗುಳ್ಳೆಗಳು ನಿಲ್ಲುವವರೆಗೆ, ದ್ರವದ ಪಾತ್ರೆ ಬರಿದಾಗದಂತೆ ನೋಡಿಕೊಳ್ಳುತ್ತ, ಒಂದೊಂದು ಚಕ್ರಕ್ಕೂ ಹೀಗೆಯೇ ಮಾಡಿದರು. ಕೊನೆಗೆ ಪೆಡಲನ್ನು ಬಲವಾಗಿ ಒತ್ತಿಸಿ, ಪ್ರತಿಯೊಂದು ಜೋಡಣೆಯನ್ನೂ ಒಣಬಟ್ಟೆಯಿಂದ ಒರೆಸಿ ನೋಡಿದರು. ಬಟ್ಟೆ ಒಣಗಿಯೇ ಇದ್ದಿತು.

ಇದು ನುರಿತ ಕೈಗಳ ಕೆಲಸ. ವಿದ್ಯಾರ್ಥಿಗಳಾದ ನಾವು ಕೈಹಾಕತಕ್ಕುದಲ್ಲ. ಆದರೆ ಪೆಡಲು ಮೆತ್ತಗಾದರೆ, ಪಾತ್ರೆಯ ದ್ರವ ಇಳಿದರೆ, ಗಾಡಿಯ ಕೆಳಗೆ ಒದ್ದೆ ಕಂಡರೆ ಹಿರಿಯರಿಗೆ ಕೂಡಲೇ ತಿಳಿಸಬಹುದು. ಗಾಡಿಯನ್ನು ಓಡಿಸಬಲ್ಲವರು ಬಹುಮಂದಿ. ಅದು ನಿಲ್ಲಬೇಕಾದೆಡೆಯಲ್ಲಿ ನಿಲ್ಲುವಂತೆ ನೋಡಿಕೊಳ್ಳುವವರ ಋಣವನ್ನು ನಾವು ಮರೆಯಲಾಗದು.